ಹೊಸಬರ ರೈಲಿಗೊಬ್ಬ ಹೊಸಬಳು

ಜೂನ್ 3, ಸೋಮವಾರ

ನನ್ನ ಮೇಜು ಹೋಯಿತು. ಬೆಳಿಗ್ಗೆ ಹೋಗಿ ನೋಡಿದರೆ ಕೆಟಲ್‌ಗಳಿಲ್ಲ, ಇಸ್ತ್ರಿಪೆಟ್ಟಿಗೆಗಳಿಲ್ಲ. ಮೇಜಿನ ಕಾಲು ಊರಿದ್ದ ಗುರುತು ಮಾತ್ರ ನೆಲದ ಮೇಲಿತ್ತು. ಬಿಸಿಯಾಗುವ ಸಾಮಾನುಗಳ ಪರೀಕ್ಷೆಯನ್ನೆಲ್ಲ ಇನ್ನು ಮುಂದೆ ಯಾವುದೋ ಒಂದು ಯಂತ್ರವೇ ಮಾಡುತ್ತದಂತೆ. ಜನ ಏನಾದರೂ ಕೊಳ್ಳುವ ಮೊದಲು ನಮ್ಮ ಸಂಸ್ಥೆಯ ಪತ್ರಿಕೆ ತೆಗೆದು ಯಾವುದು ಗಟ್ಟಿ, ಯಾವುದು ಕಳಪೆ ಎಂದು ನೋಡುತ್ತಾರೆ. ಅದರಲ್ಲಿ ಕೆಟಲ್ ಪುಟದ ತೀರ್ಪೆಲ್ಲ ನನ್ನದೇ ಆಗಿತ್ತು. ಯಾವುದರ ಹಿಡಿ ಬೇಗ ಸಡಿಲವಾಗುತ್ತದೆ ಎಂದು ಬರೀ ಎತ್ತಿ ನೋಡಿ ಹೇಳುತ್ತಿದ್ದೆ. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ. ಬಹುಶಃ ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮುಖ್ಯಸ್ಥರು ಕರೆಸಿದರು. ಮಾತುಮಾತಿಗೂ 'ನಿಯಮ ಅಂದರೆ ನಿಯಮ' ಅನ್ನುವುದರಿಂದ ಬೆನ್ನ ಹಿಂದೆ ನಾವೆಲ್ಲ ಅವರನ್ನು ನಿಯಮ ಎಂದೇ ಕರೆಯುವುದು. ಆಟಿಕೆ ರೈಲಿನ ಬಗ್ಗೆ ನನಗೇನು ಗೊತ್ತು ಎಂದು ಕೇಳಿದರು. ಏನೂ ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿಲ್ಲ ನನಗೆ. ಸದ್ಯಕ್ಕೆ ಅಷ್ಟಾಗಿ ಇಲ್ಲ ಸರ್, ಒಂದು ವಾರ ಕೊಟ್ಟರೆ ಕಲಿತುಬಿಡುತ್ತೇನೆ ಅಂದೆ. ಅವರು ಕುರ್ಚಿಯಿಂದ ಅರ್ಧ ಎದ್ದರು.

"ಕಲೀಬೇಡಿ. ದಯವಿಟ್ಟು ಏನನ್ನೂ ಕಲೀಬೇಡಿ."

ವಿಷಯ ಇಷ್ಟು. ಕರೆಂಟಿನಲ್ಲಿ ಓಡುವ ಆಟಿಕೆ ರೈಲಿನ ಸೆಟ್ಟೊಂದು ಪರೀಕ್ಷೆಗೆ ಬಂದಿದೆ. ಡಬ್ಬದ ಮೇಲೆ 'ಹೊಸಬರಿಗಾಗಿ' ಎಂದು ಬರೆದಿದೆ. ಹೊಸಬರಿಗೆಂದು ಮಾರುವ ವಸ್ತುವಿನ ಗುಣಮಟ್ಟವನ್ನು ಹೊಸಬರೇ ಅಳೆಯಬೇಕು ಎಂಬುದು ಸಂಸ್ಥೆಯ ನಿಯಮ. ಆಟಿಕೆ ವಿಭಾಗದ ಹಿರಿಯರು, ನಾವೆಲ್ಲ ಗೊಂಬೆ ಮಾಸ್ತರು ಅನ್ನುವವರು, ಕಣ್ಣಿಗೆ ಬಟ್ಟೆ ಕಟ್ಟಿದರೂ ಹಳಿ ಜೋಡಿಸಬಲ್ಲರು, ಆದ್ದರಿಂದ ಅನರ್ಹರು. ಉಳಿದವರೆಲ್ಲ ಚಿಕ್ಕಂದಿನಲ್ಲೋ, ಮಕ್ಕಳು ಹುಟ್ಟಿದ ಮೇಲೋ, ಪಕ್ಕದ ಮನೆಯಲ್ಲೋ ಒಮ್ಮೆ ಕೈಯಾಡಿಸಿದವರೇ. ಇಡೀ ಸಂಸ್ಥೆಯನ್ನು ಜಾಲಾಡಿದ ಮೇಲೆ ಸಿಕ್ಕಿದವಳು ನಾನೊಬ್ಬಳು. ಐದು ಸುತ್ತಿನ ಪರೀಕ್ಷೆ. ಐದನ್ನೂ ಹೊಸಬಳಾಗಿಯೇ ಮುಗಿಸಿದರೆ ಆಟಿಕೆ ವಿಭಾಗದಲ್ಲಿ ಕೆಲಸ ಕಾಯಂ. ಇಲ್ಲದಿದ್ದರೆ ಕೆಟಲ್‌ಗಳು ಹೋದ ದಾರಿಯೇ ನನ್ನದೂ.

ಅಮ್ಮನಿಗೆ ಹೇಳಿದೆ. ಅಮ್ಮ ನಿವೃತ್ತ ಹೆಡ್‌ಮಿಸ್ಟ್ರೆಸ್. ನಿವೃತ್ತಿ ಸಿಕ್ಕಿದ್ದು ಶಾಲೆಗೆ, ಅವಳಿಗಲ್ಲ.

"ಏನೂ ಗೊತ್ತಿಲ್ಲ ಅಂತ ಕೆಲಸ ಕೊಟ್ಟರಾ? ಅದಕ್ಕೇನೇ ನಾನು ನಿನ್ನ ಅಷ್ಟು ಓದಿಸಿದ್ದು?"

ಚಿಕ್ಕವಳಿದ್ದಾಗ ನಾನು ಆಟಿಕೆ ಕೇಳಿದಾಗಲೆಲ್ಲ ಅಟ್ಲಾಸ್ ಬಂದದ್ದರಿಂದಲೇ ಈಗ ಈ ಅರ್ಹತೆ ಸಿಕ್ಕಿದೆ ಎಂದು ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕೆಲಸ ಹೋದರೆ ನಾನು ಇಡೀ ದಿನ ಮನೆಯಲ್ಲೇ ಇರುತ್ತೇನೆ ಎಂಬುದು ಅವಳಿಗೆ ಹೊಳೆಯಿತು. ಬಂದ ಕೆಲಸ ಬಿಡಬಾರದು ಅಂದಳು.

ಜೂನ್ 5, ಬುಧವಾರ

ಇವತ್ತು ನನಗೆ ಏನೂ ಗೊತ್ತಿಲ್ಲ ಎಂಬುದರ ಪರೀಕ್ಷೆ. ಓದಿಕೊಳ್ಳುವಂಥದ್ದು ಏನೂ ಇಲ್ಲದ ಪರೀಕ್ಷೆಗೆ ಹೇಗೆ ತಯಾರಾಗುವುದು ಎಂದು ನಿನ್ನೆಯೆಲ್ಲ ಯೋಚಿಸಿದೆ. ಯೋಚಿಸಿದ್ದೇ ತಪ್ಪಿರಬಹುದು.

ಸಮಿತಿಯಲ್ಲಿ ಮೂವರು: ನಿಯಮ, ಗೊಂಬೆ ಮಾಸ್ತರು, ಮತ್ತು ಹೊತ್ತು ಅಳೆಯುವ ವಿಭಾಗದ ಆಕೆ. ಆಕೆಯ ಕೊರಳಲ್ಲಿ ಯಾವಾಗಲೂ ಸ್ಟಾಪ್‌ವಾಚ್ ತೂಗುತ್ತಿರುತ್ತದೆ, ಹೆಸರೂ ಅದೇ ಆಗಿದೆ. ಮೇಜಿನ ಮೇಲೆ ಎರಡು ಕಂಬಿಗಳ ಒಂದು ತುಂಡು ಇಟ್ಟು ಇದೇನು ಎಂದರು. ಹಳಿ ಅಂದೆ. ಮೂವರೂ ಮುಖಮುಖ ನೋಡಿಕೊಂಡರು.

"ಹಳಿ ಅಂತ ಹೇಗೆ ಗೊತ್ತಾಯ್ತು?" ಎಂದು ನಿಯಮ ಕೇಳಿದರು.

"ರೈಲು ನೋಡಿದೀನಿ ಸರ್."

"ಒಳಗಿಂದಲೋ, ಹೊರಗಿಂದಲೋ?"

ಎರಡೂ ಎಂದು ಒಪ್ಪಿಕೊಳ್ಳಬೇಕಾಯಿತು. ಸ್ಟಾಪ್‌ವಾಚ್ ಏನೋ ಗೀಚಿಕೊಂಡಳು. ಆಮೇಲಿನ ಪ್ರಶ್ನೆ: ತಂತಿಗಳನ್ನು ಅದಲುಬದಲು ಮಾಡಿ ಸಿಕ್ಕಿಸಿದರೆ ಏನಾಗುತ್ತದೆ? ಎಂಜಿನ್ ಹಿಂದಕ್ಕೆ ಓಡುತ್ತದೆ ಎಂದು ಶಾಲೆಯಲ್ಲಿ ಓದಿದ ಭೌತಶಾಸ್ತ್ರ ನಾಲಿಗೆ ತುದಿಗೆ ಬಂತು. ನುಂಗಿದೆ. ಬೆಂಕಿ ಹತ್ತಿಕೊಳ್ಳುತ್ತದೇನೋ ಅಂದೆ. ಗೊಂಬೆ ಮಾಸ್ತರ ಮುಖ ಅರಳಿತು.

ಇದು ಸುಳ್ಳೋ, ಊಹೆಯೋ? ಊಹೆ ಎಂದು ಸದ್ಯಕ್ಕೆ ಇಟ್ಟುಕೊಳ್ಳುತ್ತೇನೆ.

'ಸಾಕಷ್ಟು ತಿಳಿಯದವರು' ಎಂದು ಪ್ರಮಾಣಪತ್ರ ಕೊಟ್ಟರು. ಅದಕ್ಕಿಂತ ಮೇಲಿನ ದರ್ಜೆ 'ಏನೇನೂ ತಿಳಿಯದವರು'. ಎರಡನೇ ದರ್ಜೆ ಬಂದದ್ದು ಜೀವನದಲ್ಲಿ ಇದೇ ಮೊದಲು. ಇಡೀ ದಿನ ಅದೇ ಕೊರೆಯಿತು.

ಜೂನ್ 10, ಸೋಮವಾರ

ಮೊದಲ ಸುತ್ತು.

ಡಬ್ಬ ತೆರೆದೆ. ಬಾಗಿದ ಹಳಿಗಳು, ನೇರ ಹಳಿಗಳು, ಕಪ್ಪು ಎಂಜಿನ್, ಮೂರು ಬೋಗಿ, ಗುಂಡಿ ತಿರುಗಿಸುವ ಒಂದು ಕಂಟ್ರೋಲರ್, ಎರಡು ತಂತಿ. ಸೂಚನೆಯ ಹಾಳೆಯಲ್ಲಿ ಚಿತ್ರಗಳು ಮಾತ್ರ. ಚಿತ್ರದಲ್ಲಿ ನಗುತ್ತಿರುವ ಒಂದು ಕುಟುಂಬ. ಸಮಿತಿಯ ಮೂವರೂ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು, ಮಾತಾಡುವಂತಿಲ್ಲ. ನಿಜ ಹೇಳುವುದಾದರೆ, ಮೂರು ಜನ ಮೌನವಾಗಿ ನೋಡುತ್ತಿರುವಾಗ ಎರಡು ಕಬ್ಬಿಣದ ಕಂಬಿ ಜೋಡಿಸುವುದು ಸಲೀಸಲ್ಲ.

ಮೊದಲು ಜೋಡಿಸಿದ್ದು ಹಾವಿನ ಹಾಗೆ ಮೇಜಿನಿಂದ ಆಚೆ ಹೋಯಿತು. ಎರಡನೆಯದು ಸುತ್ತಿಕೊಂಡು ಬಂತು, ಆದರೆ ತುದಿಗಳ ನಡುವೆ ಒಂದು ಬೆರಳು ತೂರುವಷ್ಟು ಸಂದಿ. ಪ್ರತಿ ಹಳಿಯ ತುದಿಯಲ್ಲೂ ಉಗುರಿನಷ್ಟು ಚಿಕ್ಕ ಲೋಹದ ಕ್ಲಿಪ್ ಇದೆ, ಪಕ್ಕದ ಹಳಿಯ ಕಂಬಿ ಅದರೊಳಗೆ ಜಾರಿ ಕೂರಬೇಕು ಎಂದು ತಿಳಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಎಂಜಿನ್ ಇಟ್ಟೆ, ಗುಂಡಿ ತಿರುಗಿಸಿದೆ. ಏನೂ ಆಗಲಿಲ್ಲ. ಒಂದು ಚಕ್ರ ಹಳಿಯಿಂದ ಕೂದಲೆಳೆಯಷ್ಟು ಹೊರಗಿತ್ತು. ಬೆರಳಿನಿಂದ ಒತ್ತಿದೆ, 'ಕಟಕ್' ಎಂದು ಕೂತಿತು, ಹೊರಟೇಬಿಟ್ಟಿತು.

ಎರಡು ಸುತ್ತು ಹಾಕಿ ಮೂರನೆಯದರಲ್ಲಿ ಮಗುಚಿತು. ನನ್ನ ಬಾಯಿಂದ ಏನೋ ಶಬ್ದ ಬಂತು. ಗೊಂಬೆ ಮಾಸ್ತರು ತಮ್ಮ ಹಾಳೆಯಲ್ಲಿ ಬರೆದದ್ದನ್ನು ಆಮೇಲೆ ನೋಡಿದೆ: 'ಹೊಸಬರು ನಕ್ಕರು. ಕಾರಣ ತಿಳಿಯಲಿಲ್ಲ.'

ಆಟಿಕೆಗಳಲ್ಲಿ ನನಗೆ ಆಸಕ್ತಿಯಿಲ್ಲ ಎಂಬುದನ್ನು ಇಲ್ಲಿ ದಾಖಲಿಸಿಡಬೇಕು. ಕೆಲಸ ಉಳಿಯಬೇಕು, ಅಷ್ಟೇ.

ಜೂನ್ 11, ಮಂಗಳವಾರ

ಒಂದು ತೊಡಕು ಬಂದಿದೆ. ಯಾರಿಗೂ ಮೊದಲೇ ಹೊಳೆಯದಿದ್ದುದು ಆಶ್ಚರ್ಯ. ಎರಡನೇ ಸುತ್ತಿಗೆ ನಾನು ಹೊಸಬಳಲ್ಲ. ಒಮ್ಮೆ ಜೋಡಿಸಿದ್ದೇನೆ.

ಸಮಿತಿ ಬೆಳಗಿನಿಂದ ಕೂತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ತೀರ್ಮಾನ ಹೊರಬಂತು. ನನಗೆ ಮರೆಯುವ ರಜೆ. ಮುಂದಿನ ಸೋಮವಾರದವರೆಗೆ ಮನೆಯಲ್ಲಿದ್ದು ನಿನ್ನೆ ತಿಳಿದದ್ದನ್ನೆಲ್ಲ ಮರೆತು ಬರಬೇಕು. ರೈಲ್ವೆ ಗೇಟಿನ ಕಡೆ ಹೋಗಬಾರದು. ಕ್ಲಿಪ್, ಕೊಂಡಿ, ತಂತಿ ಇಂಥವನ್ನು ಮುಟ್ಟಬಾರದು. ತಲೆಗೂದಲಿನ ಕ್ಲಿಪ್ ನಡೆಯುತ್ತದೆಯೇ ಎಂದು ಕೇಳಿದೆ. ನಿಯಮ ಯೋಚಿಸಿ, ರಬ್ಬರ್‌ಬ್ಯಾಂಡ್ ಹಾಕಿಕೊಂಡರೆ ಒಳ್ಳೆಯದು ಅಂದರು.

ಜೂನ್ 13, ಗುರುವಾರ

ಅಮ್ಮ ಮರೆಸುವ ಜವಾಬ್ದಾರಿ ತಾನೇ ವಹಿಸಿಕೊಂಡಿದ್ದಾಳೆ. ಬೆಳಿಗ್ಗೆ ಎದ್ದು ಮುಖ ತೊಳೆದು ಬಂದರೆ ಊಟದ ಮೇಜಿನ ಆಚೆ ಕಡೆ ಕೂತು ಕಾಯುತ್ತಿರುತ್ತಾಳೆ.

"ಏನೇನು ಮರೀಬೇಕು, ಹೇಳು ನೋಡೋಣ."

"ಕ್ಲಿಪ್ಪು ಹೇಗೆ ಕೂರುತ್ತೆ ಅನ್ನೋದು. ಚಕ್ರ ಹಳಿ ಮೇಲಿದೆಯಾ ನೋಡೋದು. ತಂತಿ ಎಲ್ಲಿ ಸಿಕ್ಕಿಸೋದು."

"ಎಲ್ಲಿ ಸಿಕ್ಕಿಸೋದು?"

"ನೇರ ಹಳಿಯ ಪಕ್ಕದ ತೂತಿಗೆ."

"ಇನ್ನೂ ಮರೆತಿಲ್ಲ. ಸಂಜೆ ಮತ್ತೆ ಕೇಳ್ತೀನಿ."

ಸಂಜೆ ಮತ್ತೆ ಕೇಳಿದಳು. ಮೊದಲ ದಿನ ಅಷ್ಟಾಗಿ ನೆನಪಿಲ್ಲದಿದ್ದ ಹಳಿಗಳ ಕ್ರಮ ಈಗ ಬಾಯಿಪಾಠವಾಗಿದೆ. ಇದನ್ನು ಅವಳಿಗೆ ಬಿಡಿಸಿ ಹೇಳಲು ನೋಡಿದೆ. ಮರೆಯುವುದಕ್ಕೆ ಶಿಸ್ತು ಬೇಕು, ನಿನಗೆ ಶಿಸ್ತಿಲ್ಲ ಅಂದಳು. ತನ್ನ ಶಾಲೆಯಿಂದ ಹೊರಬಿದ್ದ ಎಷ್ಟೋ ಮಕ್ಕಳು ಎಲ್ಲವನ್ನೂ ಮರೆತದ್ದು ಸುಮ್ಮನೆಯೇ ಎಂದು ಕೇಳಿದಳು.

ಜೂನ್ 17, ಸೋಮವಾರ

ಎರಡನೇ ಸುತ್ತು. ಬೇರೆ ಮೇಜು, ಅದೇ ಸೆಟ್ಟು.

ಕೈ ತಾನಾಗಿ ಓಡಿತು. ಮೂರು ಹಳಿ ಜೋಡಿಸಿದ ಮೇಲೆ ತಲೆ ಎತ್ತಿದರೆ ಸ್ಟಾಪ್‌ವಾಚ್ ಹುಬ್ಬು ಗಂಟಿಕ್ಕಿದ್ದಳು. ಕೆಲಸ ಹೋಯಿತು ಅಂದುಕೊಂಡೆ. ಕೂಡಲೇ ನಾಲ್ಕನೆಯದನ್ನು ತಲೆಕೆಳಗು ಹಿಡಿದು, ಅತ್ತಿತ್ತ ತಿರುಗಿಸಿ, ಮೂಸಿ ನೋಡಿದೆ. ಮೂಸಿದ್ದು ಅತಿಯಾಯಿತೇನೋ. ಆದರೆ ಆಕೆಯ ಹುಬ್ಬು ಇಳಿಯಿತು.

ಆಮೇಲೆ ಎರಡು ಕ್ಲಿಪ್‌ಗಳನ್ನು ಬೇಕೆಂದೇ ಕೂರಿಸದೆ ಬಿಟ್ಟೆ. ಎಂಜಿನ್ ಅಲ್ಲಿಗೆ ಬಂದು ಮುಗ್ಗರಿಸಿತು, ಮೇಜಿನಿಂದ ಕೆಳಗೆ ಬಿತ್ತು, ಒಂದು ಬೋಗಿಯ ಕೊಂಡಿ ಮುರಿಯಿತು. 'ಹಳಿಗಳು ಬಿಗಿಯಾಗಿ ಕೂರುವುದಿಲ್ಲ' ಎಂದು ಬರೆದುಕೊಂಡರು. ನಿಯಮ ಬಂದು ನನ್ನನ್ನು ಅಭಿನಂದಿಸಿದರು.

"ಮೊದಲ ಸುತ್ತಿಗಿಂತ ಚೆನ್ನಾಗಿ ಗೊತ್ತಿಲ್ಲ ನಿಮಗೆ. ಒಳ್ಳೆ ಪ್ರಗತಿ."

ಸಂತೋಷವಾಯಿತು ಎಂದು ಬರೆಯಬೇಕು. ಆಗಲಿಲ್ಲ. ಅವರು ಮೂವರೂ ಚಹಾಕ್ಕೆ ಹೋದಾಗ ಕ್ಲಿಪ್ ಸರಿಮಾಡಿ ಒಂದು ಸಲ ಓಡಿಸಿದೆ, ಬೋಗಿಗಳಿಲ್ಲದೆ, ಬರಿಯ ಎಂಜಿನ್. ಕೆಟಲ್ ಒಳ್ಳೆಯದೋ ಅಲ್ಲವೋ ಎಂದು ಗೊತ್ತಾಗುವುದು ಅದು ಕೊತಕೊತ ಕುದಿಯುವಾಗಲ್ಲ, ಸಣ್ಣಗೆ ಬಿಸಿಯಾಗಿರುವಾಗ. ಅದೇ ಲೆಕ್ಕದಲ್ಲಿ ಗುಂಡಿಯನ್ನು ಇಷ್ಟೇ ಇಷ್ಟು ತಿರುಗಿಸಿ ಬಿಟ್ಟೆ. ಕಳಪೆ ಎಂಜಿನ್ ಆಗಿದ್ದರೆ ನಿಲ್ಲಬೇಕಿತ್ತು, ಇಲ್ಲವೇ ಬೆಕ್ಕು ಹಾರಿದ ಹಾಗೆ ಜಿಗಿಯಬೇಕಿತ್ತು. ಇದು ಎರಡನ್ನೂ ಮಾಡಲಿಲ್ಲ. ಕನ್ನಡಕ ಮರೆತು ಬಂದ ಮುದುಕಿ ಮೆಟ್ಟಿಲಿಳಿಯುವ ಹಾಗೆ, ಒಂದೊಂದೇ ಹಳಿಯನ್ನು ತಡವಿಕೊಂಡು ಹೋಯಿತು. ಹೋಗುತ್ತಲೇ ಇತ್ತು.

ಎಷ್ಟು ಹೊತ್ತು ನೋಡಿದೆನೋ. ಚಹಾ ತಪ್ಪಿಹೋಯಿತು.

ಜೂನ್ 18, ಮಂಗಳವಾರ

ಸುಳ್ಳಾಡಿದ್ದು ಎಂಜಿನ್ನಿಗೆ ಗೊತ್ತಾಗುವುದಿಲ್ಲ. ಹಾಗಿದ್ದ ಮೇಲೆ ಯಾಕೆ ಈ ಯೋಚನೆ.

ಜೂನ್ 20, ಗುರುವಾರ

ಮೂರನೇ ಸುತ್ತು. ಈ ಸಲ ಎಂಜಿನ್ನನ್ನೇ ತಲೆಕೆಳಗಾಗಿ ಇಟ್ಟೆ. ತಂತಿಯನ್ನು ಹಳಿಗೆ ಕಟ್ಟಿದೆ. ಕಂಟ್ರೋಲರನ್ನು ಕಿವಿಗೆ ಹಿಡಿದು ಹಲೋ ಅನ್ನಬೇಕೆನ್ನಿಸಿತು, ತಡೆದುಕೊಂಡೆ. ಸೆಟ್ಟಿಗೆ ಸೊನ್ನೆಯ ಆಸುಪಾಸು ಬಿತ್ತು. ಇದೇ ರೀತಿ ಹೋದರೆ ಪತ್ರಿಕೆಯಲ್ಲಿ 'ಕೊಳ್ಳಬೇಡಿ' ಎಂದು ಅಚ್ಚಾಗುತ್ತದೆ ಎಂದು ಸ್ಟಾಪ್‌ವಾಚ್ ಹೇಳಿದಳು. ನನಗೆ ಮಾತ್ರ ಇನ್ನೆರಡೇ ಸುತ್ತು, ಆಮೇಲೆ ಕಾಯಂ.

ಗೊಂಬೆ ಮಾಸ್ತರು ಕಾರಿಡಾರಿನಲ್ಲಿ ನನ್ನ ಜೊತೆ ಹೆಜ್ಜೆ ಹಾಕಿದರು.

"ಮೇಡಂ, ಕೊನೇ ಕ್ಲಿಪ್ಪನ್ನ ನೀವು ನೋಡದೇ ಹಾಕಿದ್ರಿ."

ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ.

"ಹಾಕಿ, ಆಮೇಲೆ ಕಿತ್ತಿರಿ. ನಾನೇನೂ ಬರ್ಕೊಂಡಿಲ್ಲ. ಕೆಲಸ ಎಲ್ಲರಿಗೂ ಬೇಕು." ಮೆಟ್ಟಿಲ ಹತ್ತಿರ ನಿಂತರು. "ಆದರೆ ಆ ಎಂಜಿನ್ ತುಂಬ ಚೆನ್ನಾಗಿದೆ ಅಲ್ವಾ?"

ಚೆನ್ನಾಗಿದೆ ಅಂದೆ. ಅಂದಮೇಲೆ ಅರ್ಥವಾಯಿತು, ಹೊಸಬಳು ಹಾಗನ್ನುವಂತಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕುಣಿಯಬಲ್ಲವಳಾಗಿದ್ದೂ ನೆಲವನ್ನೇ ಡೊಂಕು ಮಾಡುತ್ತಿದ್ದೇನೆ. ಸರಿಯಾಗಿ ನೀರು ಬಗ್ಗಿಸುವ ಒಂದು ಕೆಟಲ್ಲಿಗೂ ನಾನು 'ಕೊಳ್ಳಬೇಡಿ' ಎಂದು ಬರೆದವಳಲ್ಲ. ಹಾಗೆ ಬರೆಯುವವರನ್ನು ಏನೆಂದು ಕರೆಯುತ್ತಿದ್ದೆ ಎಂಬುದೂ ನೆನಪಿದೆ. ಆದರೆ ಕೆಲಸವಿಲ್ಲದೆ ಮನೆ ನಡೆಯುವುದು ಹೇಗೆ? ಅಮ್ಮನ ಎದುರು ಇಡೀ ದಿನ ಕೂರುವುದು ಹೇಗೆ?

ಅಮ್ಮ ಇವತ್ತೂ ಪಾಠ ಒಪ್ಪಿಸಿಕೊಂಡಳು. ಒಂದೂ ತಪ್ಪಿಲ್ಲ ಎಂದು ಬೈದಳು.

ಜೂನ್ 24, ಸೋಮವಾರ

ನಾಲ್ಕನೇ ಸುತ್ತು. ಹೇಗಾಯಿತು ಎಂದು ಕ್ರಮವಾಗಿ ಬರೆಯಲು ನೋಡುತ್ತೇನೆ.

ತಪ್ಪು ಮಾಡಬೇಕೆಂದೇ ಹೋಗಿದ್ದೆ. ದಾರಿಯಲ್ಲಿ ಬಸ್ಸಿನಲ್ಲಿ ಕೂತು ಹೊಸ ತಪ್ಪುಗಳನ್ನು ಯೋಚಿಸಿಕೊಂಡಿದ್ದೆ; ಹಳೆಯವು ಮುಗಿಯುತ್ತ ಬಂದಿದ್ದವು. ಡಬ್ಬ ತೆರೆದೆ. ಎಂಜಿನ್ನಿನ ಒಂದು ಮೂಲೆಯಲ್ಲಿ ಬಣ್ಣ ಎದ್ದಿತ್ತು, ಮೊನ್ನೆ ನಾನು ಬೀಳಿಸಿದ್ದರಿಂದ. ಅದನ್ನು ನೋಡಿದೆ. ಆಮೇಲೆ ಹಳಿಗಳನ್ನು ಜೋಡಿಸಿದೆ, ಎಲ್ಲವನ್ನೂ, ಕಿಟಕಿಯ ಕಡೆ ನೋಡುತ್ತ. ತಂತಿ ಸಿಕ್ಕಿಸಿದೆ. ಬೋಗಿಗಳನ್ನು ಕೊಂಡಿ ಹಾಕಿ ನಿಲ್ಲಿಸಿದೆ, ಮುರಿದದ್ದಕ್ಕೆ ನನ್ನ ತಲೆಯ ರಬ್ಬರ್‌ಬ್ಯಾಂಡ್ ಸುತ್ತಿದೆ. ಗುಂಡಿಯನ್ನು ಇಷ್ಟೇ ಇಷ್ಟು ತಿರುಗಿಸಿದೆ.

ರೈಲು ಹೊರಟಿತು. ನಿಯಮ ಹತ್ತಿರ ಬಂದರು. ಸ್ಟಾಪ್‌ವಾಚ್ ಗುಂಡಿ ಒತ್ತಲು ಮರೆತಳು. ಒಂದು ಸುತ್ತು ಪೂರ್ತಿಯಾಯಿತು, ಅದು ಬಹಳ ದೊಡ್ಡ ಸುತ್ತು.

"ಇದರ ಗುಣ ಇದು ಸರ್," ಅಂದೆ. "ಜೋರಾಗಿ ಯಾವುದಾದರೂ ಓಡುತ್ತೆ. ಇಷ್ಟು ನಿಧಾನವಾಗಿ, ನಿಲ್ಲದೇ ಹೋಗೋದು ಕಷ್ಟ. ಇದು ಒಳ್ಳೇ ಸೆಟ್ಟು. ನಾನು ಇಷ್ಟು ದಿನ ಬೇಕೂಂತಲೇ ಹಾಳು ಮಾಡ್ದೆ."

ನಿಯಮ ಕುರ್ಚಿ ಎಳೆದುಕೊಂಡು ಕೂತರು. ಕಾಯಿಲೆಯವರನ್ನು ಕೇಳುವ ದನಿಯಲ್ಲಿ ಕೇಳಿದರು: "ಯಾವಾಗಿಂದ ಗೊತ್ತು ನಿಮಗೆ?"

"ಮೊದಲ ದಿನ ಮಧ್ಯಾಹ್ನದಿಂದ."

"ಒಂದು ಮಾತು ಹೇಳಬಾರದಿತ್ತಾ?"

ಪ್ರಮಾಣಪತ್ರ ವಾಪಸ್ ಪಡೆದರು. ನನಗೆ ಗೊತ್ತಿದೆ ಎಂಬುದು ಸಾಬೀತಾದ್ದರಿಂದ ನನ್ನ ಸುತ್ತುಗಳೆಲ್ಲ ರದ್ದು, ಈ ನಾಲ್ಕನೆಯದೂ ಸೇರಿ. ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ. ಇದೆಲ್ಲ ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದು ಮುಂದಿನದು: ಹೊಸಬರು ಸಿಗದ ಸೆಟ್ಟು ಪರೀಕ್ಷೆಯಾಗದ ಸೆಟ್ಟು, ಪರೀಕ್ಷೆಯಾಗದ್ದಕ್ಕೆ 'ಕೊಳ್ಳಬೇಡಿ' ಎಂದೇ ಹಾಕಬೇಕಂತೆ. ನಿಯಮ ಅಂದರೆ ನಿಯಮ.

ಸಂಸ್ಥೆಯಲ್ಲಿ ಬೇರೆ ಹೊಸಬರು ಇರಲಿಲ್ಲ. ನನ್ನನ್ನು ನೋಡಿ ನೋಡಿ ಸ್ಟಾಪ್‌ವಾಚ್ ಕೂಡ ಜೋಡಿಸಲು ಕಲಿತಿದ್ದಾಳಂತೆ. ನಿಯಮರ ಕೈಯೂ ಮೇಜಿನ ಮೇಲೆ ಗಾಳಿಯಲ್ಲೇ ಗುಂಡಿ ತಿರುಗಿಸುತ್ತಿತ್ತು. ಅವರಿಗೆ ಅದು ಕಾಣಲಿಲ್ಲ.

ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತೆ. ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ ಸರ್ ಅಂದೆ.

ಜೂನ್ 25, ಮಂಗಳವಾರ

ಕೆಲಸ ಹೋದದ್ದಕ್ಕೆ ಅಮ್ಮ ಅಷ್ಟಾಗಿ ಬೈಯಲಿಲ್ಲ. ಅವಳನ್ನು ಹೊಸಬಳೆಂದು ಹೇಳಿ ಬಂದದ್ದಕ್ಕೆ ಬೈದಳು.

"ನನಗೆ ಗೊತ್ತಿಲ್ಲ ಅಂತ ಯಾರು ಹೇಳಿದ್ದು ನಿನಗೆ?"

"ರೈಲಿನ ಸೆಟ್ಟು ಯಾವತ್ತಾದರೂ ಮುಟ್ಟಿದೀಯಾ ಅಮ್ಮ?"

"ಮುಟ್ಟಿ ನೋಡಿಯೇ ತಿಳ್ಕೋಬೇಕಾ? ಬೆಂಕಿ ಸುಡುತ್ತೆ ಅಂತ ಕೈ ಇಟ್ಟು ನೋಡ್ತೀವಾ?"

ಮಧ್ಯಾಹ್ನದವರೆಗೆ ಒಪ್ಪಲಿಲ್ಲ. ಇಷ್ಟು ವರ್ಷ ಮಕ್ಕಳನ್ನು ತಿದ್ದಿದವಳು ಈ ವಯಸ್ಸಿನಲ್ಲಿ ಹೋಗಿ ಏನೂ ಗೊತ್ತಿಲ್ಲವೆಂದು ಬರೆಸಿಕೊಂಡು ಬರಬೇಕೇ ಎಂದು ಪಾತ್ರೆಗಳಿಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು. ಕೊನೆಗೆ ನನ್ನ ಬಾಯಿಂದ, ಸೇರುವ ಮೊದಲು ಮೂರು ಜನರ ಸಮಿತಿಯ ಮುಂದೆ ಪರೀಕ್ಷೆ ಇರುತ್ತದೆ ಎಂಬ ಮಾತು ಬಂತು. ಕೈಯಲ್ಲಿದ್ದ ತಟ್ಟೆ ಇಟ್ಟಳು.

"ಪರೀಕ್ಷೆಯಾ? ಎಷ್ಟು ಅಂಕಕ್ಕೆ?"

ಜೂನ್ 26, ಬುಧವಾರ

ನನ್ನನ್ನು ಒಳಗೆ ಬಿಡಲಿಲ್ಲ, ಹುಬ್ಬಿನಲ್ಲಿ ಸನ್ನೆ ಮಾಡಬಹುದೆಂದು. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ. ಶಾಲೆಯ ಪರೀಕ್ಷೆಗೆ ನಾನು ಕೂತಾಗ ಅಮ್ಮ ಹೀಗೇ ಹೊರಗೆ ಕೂರುತ್ತಿದ್ದಳು. ಅವಳಿಗೆ ಎಷ್ಟು ಕಷ್ಟವಾಗಿರಬೇಕು, ಅಥವಾ ಎಷ್ಟು ಖುಷಿ, ಕೇಳಿಲ್ಲ.

ಹಳಿಯ ತುಂಡು ತೋರಿಸಿದಾಗ ಏಣಿ ಅಂದಳು. ಚಿಕ್ಕ ಏಣಿ, ಬೊಂಬೆಗಳು ಹತ್ತುವುದಕ್ಕೆ. ದಿನವೂ ನನ್ನಿಂದ ಒಪ್ಪಿಸಿಕೊಂಡದ್ದರಲ್ಲಿ ಒಂದು ಮಾತೂ ಅವಳ ತಲೆಗೆ ಇಳಿದಿರಲಿಲ್ಲ. ನಿಯಮ ಅನುಮಾನದಿಂದ ಇನ್ನೊಮ್ಮೆ ಕೇಳಿದ್ದಕ್ಕೆ, ಒಮ್ಮೆ ಹೇಳಿದರೆ ಅರ್ಥವಾಗುವುದಿಲ್ಲವೇ ಎಂದು ಗದರಿದಳು. ಕಂಟ್ರೋಲರ್ ರೇಡಿಯೊ ಎಂದಾಯಿತು. ತಂತಿ ಅದಲುಬದಲಾದರೆ ಏನಾಗುತ್ತದೆ ಎಂದರೆ, ಒಳ್ಳೆಯ ಕಂಪನಿಯದಾದರೆ ತಾನೇ ಸರಿಮಾಡಿಕೊಳ್ಳುತ್ತದೆ ಅಂದಳು. ಒಂದು ಪ್ರಶ್ನೆಗೂ ತಡವರಿಸಲಿಲ್ಲ. ಆಮೇಲೆ ಸ್ಟಾಪ್‌ವಾಚ್‌ಗೆ ನೇರವಾಗಿ ಕೂರಲು ಹೇಳಿದ್ದು ಕೇಳಿಸಿತು.

'ಏನೇನೂ ತಿಳಿಯದವರು'. ಮೊದಲ ದರ್ಜೆ. ಈ ದರ್ಜೆ ಸಂಸ್ಥೆಯ ಇತಿಹಾಸದಲ್ಲೇ ಯಾರಿಗೂ ಸಿಕ್ಕಿಲ್ಲವಂತೆ. ಗೊಂಬೆ ಮಾಸ್ತರು ಎದ್ದು ನಿಂತು ಕೊಟ್ಟರಂತೆ.

ಅಮ್ಮ ಹೊರಗೆ ಬಂದು ಕಾಗದವನ್ನು ನನ್ನ ಕೈಗೆ ಕೊಟ್ಟಳು. ನಿನಗೆ ಎಷ್ಟನೇ ದರ್ಜೆ ಬಂದಿತ್ತು ಎಂದು ಕೇಳಿದಳು. ಗೊತ್ತಿದ್ದೂ ಕೇಳಿದಳು.

ಜುಲೈ 4, ಗುರುವಾರ

ಗೊಂಬೆ ಮಾಸ್ತರು ಮನೆಗೆ ಬಂದಿದ್ದರು, ಅಮ್ಮ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ. ಐದು ಸುತ್ತುಗಳೂ ಮುಗಿದವಂತೆ. ಮರೆಯುವ ರಜೆ ಬೇಕಾಗಲೇ ಇಲ್ಲ. ಅಮ್ಮ ಪ್ರತಿ ಸಲವೂ ಅದೇ ತಪ್ಪುಗಳನ್ನು ಅದೇ ಕ್ರಮದಲ್ಲಿ ಮಾಡಿದಳು. ಎಂಜಿನ್ ನಿಂತರೆ ಮೇಜು ಸರಿಯಿಲ್ಲ ಎಂದು ಮೇಜು ಬದಲಾಯಿಸಿದಳು. ಕ್ಲಿಪ್ ಕೂರದಿದ್ದಾಗ ಚಪ್ಪಲಿಯಿಂದ ಎರಡು ಬಾರಿಸಿದಳು. ಕೂತಿತು. ಬಾಗಲಿಲ್ಲ. ಎಂಜಿನ್ನನ್ನು ಹಿಂದುಮುಂದಾಗಿ ಇಟ್ಟಾಗ ಹಿಂದಕ್ಕೆ ಓಡಿತು, ಇದೇ ಸರಿಯಾದ ದಿಕ್ಕು ಎಂದು ಬರೆಸಿದಳು. ಮೂರು ಸಲ ನೆಲಕ್ಕೆ ಬಿತ್ತು, ಒಂದು ಸಲ ಅವಳೇ ಅದರ ಮೇಲೆ ಕೂತಳು. ಆದರೂ ಐದೂ ಸುತ್ತಿನಲ್ಲಿ ಹೇಗೋ ಓಡಿತು.

"ನಾನು ಹುಡುಕಿದ್ರೂ ಇಂಥ ಪರೀಕ್ಷೆ ಸಿಗ್ತಿರ್ಲಿಲ್ಲ ಮೇಡಂ," ಎಂದು ಮಾಸ್ತರು ಹೇಳಿದರು.

ತೀರ್ಪು ಮುಂದಿನ ಸಂಚಿಕೆಯಲ್ಲಿ ಅಚ್ಚಾಗುತ್ತದೆ: 'ಗಟ್ಟಿ. ಧೈರ್ಯವಾಗಿ ಕೊಳ್ಳಿ.' ಅಮ್ಮನ ಕೈಯಲ್ಲಿ ಉಳಿದುಕೊಂಡ ವಸ್ತು ಎಂದರೆ ಅದರ ಮೇಲೆ ಇನ್ನು ಅನುಮಾನಪಡುವಂತಿಲ್ಲ. ಹಾಗೆ ನೋಡಿದರೆ ನಾನೂ ಗಟ್ಟಿಯೇ ಇರಬೇಕು.

ಕೊಂಡಿ ಮುರಿದಿದ್ದ ನನ್ನ ಸುತ್ತುಗಳ ಸೆಟ್ಟನ್ನು ಮಾಸ್ತರು ಚೀಲದಲ್ಲಿ ತಂದಿದ್ದರು. ಪರೀಕ್ಷೆಯಾದ ಸಾಮಾನು ಮಾರುವಂತಿಲ್ಲ, ಬಿಸಾಡಬೇಕು. ಬಿಸಾಡುವ ದಾರಿಯಲ್ಲಿ ನಿಮ್ಮ ಮನೆ ಸಿಕ್ಕಿತು ಅಂದರು. ಬಣ್ಣ ಎದ್ದಿದ್ದ ಮೂಲೆಗೆ ಅವರೇ ಕಪ್ಪು ಹಚ್ಚಿದ್ದರು. ನೆಲದ ಮೇಲೆ ಕೂತು ಇಬ್ಬರೂ ಸೇರಿ ಜೋಡಿಸಿದೆವು. ಅವರು ಇಷ್ಟು ದಿನ ಗೋಡೆಗೆ ಒರಗಿ ನಿಂತು ಹೇಳಲಾಗದೇ ಇದ್ದುದನ್ನೆಲ್ಲ ಹೇಳಿದರು. ಹಳಿಯನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನೂ ನಿಧಾನವಾಗಿ ಹೋಗುತ್ತದೆ. ಹೌದು, ಹೋಯಿತು.

ಮುಂದೇನು ಮಾಡುತ್ತೀರಿ ಎಂದು ಹೊರಡುವಾಗ ಕೇಳಿದರು. ಗೊತ್ತಿಲ್ಲ ಅಂದೆ. ಕುರ್ಚಿಯ ಕಾಲಿನ ಸುತ್ತ ಹಾಯಿಸಬೇಕಾದರೆ ಇನ್ನೆರಡು ಬಾಗಿದ ಹಳಿ ಬೇಕಾಗುತ್ತದೆ.

ಜುಲೈ 9, ಮಂಗಳವಾರ

ಅಮ್ಮನ ಕೆಲಸ ಕಾಯಂ ಆಯಿತು. ಇನ್ನು ಮುಂದೆ 'ಹೊಸಬರಿಗಾಗಿ' ಎಂದು ಬರೆದ ಸಾಮಾನುಗಳೆಲ್ಲ ಅವಳ ಮೇಜಿಗೆ. ಮುಂದಿನ ವಾರ ಹೊಲಿಗೆ ಯಂತ್ರ, ಅದಾದ ಮೇಲೆ ಪಿಟೀಲು. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು, ಗ್ಯಾಸ್ ಆಫ್ ಮಾಡು, ಬಾಗಿಲು ಹಾಕಿಕೋ, ಸುಮ್ಮನೆ ಕೂರಬೇಡ ಎಂದು ನನಗೆ ಹೇಳಿ ಹೋಗುತ್ತಾಳೆ. ಅವಳು ಮೂಲೆ ದಾಟುವವರೆಗೆ ಕಿಟಕಿಯಲ್ಲಿ ನಿಂತು ನೋಡಿ ಮಂಚದ ಕೆಳಗಿಂದ ಡಬ್ಬ ಎಳೆಯುತ್ತೇನೆ. ಅವಳ ಕಣ್ಣಿಗೆ ಇದು ಬೀಳಬಾರದು. ನೋಡಿ ನೋಡಿ ಎಲ್ಲಿ ಕಲಿತುಬಿಡುತ್ತಾಳೋ ಎಂಬ ಭಯ. ಈಗ ಮನೆ ನಡೆಯುತ್ತಿರುವುದು ಅವಳ ಸಂಬಳದಲ್ಲಿ.

ಇವತ್ತು ಹಳಿ ಅಡುಗೆಮನೆಯ ಹೊಸ್ತಿಲವರೆಗೆ ಹೋಗಿತ್ತು. ಕೆಲಸಕ್ಕೆ ಎರಡು ಕಡೆ ಅರ್ಜಿ ಬರೆಯಬೇಕಿತ್ತು. ನಾಳೆ ಬರೆದರಾಯಿತು. ಸಂಜೆ ಅಮ್ಮನ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದಾಗ ಕೊನೆಯ ಬೋಗಿಯನ್ನು ಮಂಚದ ಕೆಳಗೆ ತಳ್ಳಿದೆ.

ಬಂದವಳೇ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಚಹಾ ಕೊಟ್ಟೆ. ದಣಿದಿದ್ದಳು, ಆದರೆ ಮುಖ ನಾನೆಂದೂ ನೋಡದಷ್ಟು ಹಗುರಾಗಿತ್ತು. ಇವತ್ತು ಸಮಿತಿಯವರು ಅವಳಿಗೊಂದು ಹೊಸ ಕಂಟ್ರೋಲರ್ ಕೊಟ್ಟು ಅಭಿಪ್ರಾಯ ಕೇಳಿದರಂತೆ, ಅದನ್ನು ಅವಳು ಬಿಚ್ಚಿ ಪೂರ್ತಿ ಬಿಡಿಬಿಡಿ ಮಾಡಿದಳಂತೆ, ನಿಯಮ ಚಪ್ಪಾಳೆ ತಟ್ಟಿದರಂತೆ. ಗುಂಡಿ ಹೇಗಿದೆ, ಸ್ವಲ್ಪವೇ ತಿರುಗಿಸಿದಾಗ ಎಂಜಿನ್ ಜಿಗಿಯುತ್ತದೆಯೋ, ಮೆಲ್ಲಗೆ ಹೊರಡುತ್ತದೆಯೋ ಎಂದು ಕೇಳಿದೆ.

ಅಮ್ಮ ಲೋಟ ಕೆಳಗಿಟ್ಟು ನನ್ನನ್ನು ನೋಡಿದಳು. ಶಾಲೆಯಲ್ಲಿ ದಡ್ಡ ಮಕ್ಕಳನ್ನು ಹಾಗೆ ನೋಡುತ್ತಿದ್ದಳು, ಸ್ವಲ್ಪ ಮರುಕದಿಂದ.

"ನಿನಗೆ ಹೇಳಿದರೆ ಅರ್ಥ ಆಗಲ್ಲ ಬಿಡೆ," ಅಂದಳು. "ನಿನಗೆ ಎಲ್ಲಾ ಗೊತ್ತು."